ಎದೆಯಲ್ಲಿ ತೂತಿರುವ ದೆವ್ವ ಭದ್ರಾವತಿಗೆ ಬಂತು!

ಸಿನಿಮಾ ದೆವ್ವ ಅಂದ ಕೂಡಲೆ ನಿಮ್ಮ ಕಣ್ಣ ಮುಂದೆ ಬರುವುದೇನು? ಬಿಳೀ ಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ, ಕೈಯಲ್ಲೊಂದು ಮೋಂಬತ್ತಿ, ಎಲ್ಲಿಂದಲೋ ತೇಲಿ ಬರುವ ಹಾಡು, ನಡುರಾತ್ರಿ ಕಾರು ಕೆಟ್ಟು ನಿಂತ ನಾಯಕ... ಅಷ್ಟೇ ತಾನೆ? ಎಷ್ಟೋ ವರ್ಷಗಳಿಂದ ಗಾಂಧಿನಗರದವರು ಅದೇ ಸೀರೆಯನ್ನು ಒಗೆದು ಒಗೆದು ಉಡಿಸುತ್ತಾ ಬಂದರು. ಗಾಂಧಿಕ್ಲಾಸಿನಲ್ಲಿ ಕೂತ ನಾವೂ ಸಿಳ್ಳೆ ಹೊಡೆದು, ಪಕ್ಕದವನ ತೊಡೆ ಚಿವುಟಿ, ಕೊಟ್ಟ ಕಾಸು ವಸೂಲು ಮಾಡಿಕೊಂಡೆವು. ಸುಳ್ಳೇನು?

ಆದರೆ ಸ್ವಾಮೀ, ಕಾಲ ಬದಲಾಗಿದೆ! ಈಗ ನಮ್ಮ ಭದ್ರಾವತಿ ಹುಡುಗರ ಬಾಯಲ್ಲಿ ಓಡಾಡುತ್ತಿರುವ ದೆವ್ವವೇ ಬೇರೆ. ಪೇಪರ್ ಟೌನಿನ ಟೀ ಅಂಗಡಿ ಮುಂದೆ ನಾಲ್ಕು ಹುಡುಗರು ಒಂದೇ ಮೊಬೈಲಿಗೆ ತಲೆ ಕೊಟ್ಟು ನಿಂತಿರುತ್ತಾರೆ. (ಪೇಪರ್ ಮಿಲ್ಲಿನ ಯಂತ್ರಗಳು ನಿಂತು ವರ್ಷಗಳೇ ಆದವು, ಹೆಸರು ಮಾತ್ರ ಇನ್ನೂ ಪೇಪರ್ ಟೌನು. ಅದೂ ಒಂದು ಬಗೆಯ ದೆವ್ವವೇ ಬಿಡಿ.) "ಹಾಲೋ ಬಂತು, ಹಾಲೋ ಬಂತು!" ಎಂದು ಒಬ್ಬ ಕೂಗಿದರೆ ಅಂಗಡಿ ಯಜಮಾನರು ಫೋನು ಬಂತೇನೋ ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಫೋನಲ್ಲ ಯಜಮಾನರೇ, ದೆವ್ವ! ಅದೂ ಜಪಾನಿನಿಂದ ಬಂದಿರುವ ದೆವ್ವ!

ಹಾಲೋ ಅಂದರೆ ಟೊಳ್ಳು. ಒಳಗೆ ಏನೂ ಇಲ್ಲದ್ದು. 'ಬ್ಲೀಚ್' ಎಂಬ ಜಪಾನೀ ಚಿತ್ರಕಥೆಯಲ್ಲಿ ಬರುವ ಪ್ರೇತಗಳ ಜಾತಿ ಇದು. ಬ್ಲೀಚ್ ಅಂದರೆ ನಗರಸಭೆಯವರು ಚರಂಡಿಗೆ ಹಾಕುವ ಪುಡಿಯಲ್ಲ ಮತ್ತೆ! ಟೈಟೊ ಕುಬೊ ಎಂಬ ಕಲಾವಿದ 2001ರಿಂದ 2016ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಬರೆದು ಬಿಡಿಸಿದ ಧಾರಾವಾಹಿ. ಪುಸ್ತಕವಾಗಿ 74 ಸಂಪುಟ! 2004ರಿಂದ 2012ರವರೆಗೆ ಟೀವಿಯ ಚಲಿಸುವ ಚಿತ್ರವಾಗಿ 366 ಕಂತು ಓಡಿತು. 2022ರಲ್ಲಿ ಉಳಿದ ಕಥೆ ಮತ್ತೆ ಶುರುವಾಯಿತು. ವಾರಪತ್ರಿಕೆಯಲ್ಲಿ ಹುಟ್ಟಿದ ದೆವ್ವ ನೋಡಿ, ಅದಕ್ಕೇ ನಮ್ಮಂಥ ವಾರಪತ್ರಿಕೆಯವರಿಗೆ ಅದರ ಮೇಲೆ ಸ್ವಲ್ಪ ಪಕ್ಷಪಾತ.

ಇದನ್ನೆಲ್ಲ ನನಗೆ ಪಾಠ ಮಾಡಿದವನು ಪಕ್ಕದ ಮನೆಯ ಡಿಪ್ಲೊಮಾ ಹುಡುಗ. ಅವನ ಹೆಸರು ಇಲ್ಲಿ ಬೇಡ. ನನ್ನನ್ನು 'ಮಾಮ' ಎಂದು ಕರೆಯುತ್ತಾನೆ, ಕಿಚ್ಚನ ಪರಮ ಅಭಿಮಾನಿ, ಅಷ್ಟು ಸಾಕು. ಅವನ ವಿಷಯ ಮುಂದೆ ಬರುತ್ತದೆ.

ಸರಪಣಿ ಸವೆದಾಗ

ಕುಬೊ ಕಟ್ಟಿದ ಲೋಕದಲ್ಲಿ ಸತ್ತವರೆಲ್ಲ ದೆವ್ವವಾಗುವುದಿಲ್ಲ. ಮನುಷ್ಯ ಸತ್ತಾಗ ಅವನ ಆತ್ಮದ ಎದೆಯಿಂದ ಒಂದು ಸರಪಣಿ ನೇತಾಡುತ್ತಿರುತ್ತದೆ. ದೇಹಕ್ಕೂ ಆತ್ಮಕ್ಕೂ ಇದ್ದ ಕೊಂಡಿ ಅದು, ಸಾವಿನಲ್ಲಿ ಕಡಿದಿದೆ. ಕಪ್ಪು ನಿಲುವಂಗಿಯ 'ಶಿನಿಗಾಮಿ'ಗಳು, ನಮ್ಮ ಲೆಕ್ಕದಲ್ಲಿ ಯಮದೂತರು ಅನ್ನಿ, ಬಂದು ತಮ್ಮ ಕತ್ತಿಯ ಹಿಡಿಯ ತುದಿಯನ್ನು ಆತ್ಮದ ಹಣೆಗೆ ಒತ್ತುತ್ತಾರೆ. ಅಂಚೆ ಕಚೇರಿಯಲ್ಲಿ ಕಾಗದಕ್ಕೆ ಮುದ್ರೆ ಒತ್ತಿದ ಹಾಗೆ! ಅಲ್ಲಿಗೆ ಆತ್ಮ ಆಚೆ ಲೋಕಕ್ಕೆ ಹೊರಟಿತು.

ಕಷ್ಟವಿರುವುದು ಹೊರಡದೆ ಉಳಿದವರದು. ಮನೆ ಬಿಟ್ಟು ಹೋಗಲಾರೆ, ಮಗುವನ್ನು ಬಿಟ್ಟು ಹೋಗಲಾರೆ, ಸೇಡು ತೀರದೆ ಹೋಗಲಾರೆ ಎಂದು ಇಲ್ಲೇ ಸುಳಿದಾಡುವ ಆತ್ಮದ ಸರಪಣಿ ತುದಿಯಿಂದ ತನ್ನನ್ನು ತಾನೇ ತಿನ್ನಲು ಶುರು ಮಾಡುತ್ತದೆ. ಕೊಂಡಿ ಕೊಂಡಿಯಾಗಿ ಸವೆದು ಎದೆಯ ತನಕ ಬಂದಾಗ ಎದೆಯಲ್ಲೊಂದು ತೂತು ಬೀಳುತ್ತದೆ. ಹೃದಯವಿದ್ದ ಜಾಗ ಅದು. ಕಳೆದುಕೊಂಡ ಹೃದಯವೇ ಬಿಳೀ ಮೂಳೆಯ ಮುಖವಾಡವಾಗಿ ಮುಖಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಉಳಿಯುವುದು ಹಸಿವು ಒಂದೇ. ಎಷ್ಟು ಆತ್ಮ ತಿಂದರೂ ಆ ತೂತು ತುಂಬುವುದಿಲ್ಲ.

ಟೊಳ್ಳು ಮೊದಲು ಹುಡುಕಿಕೊಂಡು ಬರುವುದು ಯಾರನ್ನು ಗೊತ್ತೇ? ಶತ್ರುವನ್ನಲ್ಲ. ತಾನು ಅತಿ ಹೆಚ್ಚು ಪ್ರೀತಿಸಿದವರನ್ನು! ಹೆಂಡತಿಯನ್ನು, ಮಕ್ಕಳನ್ನು, ತಂಗಿಯನ್ನು. ಈ ಒಂದು ನಿಯಮಕ್ಕೆ ನಾನು ಕುಬೊನಿಗೆ ಸಲಾಂ ಹೊಡೆದೆ.

ಮುಂದೆ ಕುಬೊ ಸಾಹೇಬರು ಮಾಸ್ ಚಿತ್ರದ ದಾರಿ ಹಿಡಿಯುತ್ತಾರೆ. ನೂರಾರು ಟೊಳ್ಳುಗಳು ಒಂದರೊಳಗೊಂದು ಬೆರೆತು ಬೆಟ್ಟದಂಥ 'ಮೆನೊಸ್ ಗ್ರಾಂಡೆ'. ಅದರಲ್ಲಿ ಗಿಲಿಯನ್, ಅದರ ಮೇಲೆ ಅಜೂಕಾಸ್, ಎಲ್ಲಕ್ಕೂ ಮೇಲೆ ವಾಸ್ಟೊ ಲಾರ್ಡ್. ಪೊಲೀಸ್ ಇಲಾಖೆಯ ಹಾಗೆ ದರ್ಜೆ ಮೇಲೆ ದರ್ಜೆ! ಮುಖವಾಡ ಕಿತ್ತುಕೊಂಡು ಅರ್ಧ ಮನುಷ್ಯರಾದವರು 'ಅರಾಂಕರ್'. ಅವರ ಊರಿನ ಹೆಸರು ಸ್ಪ್ಯಾನಿಷ್ ಭಾಷೆಯಲ್ಲಿ 'ಹ್ವೇಕೊ ಮುಂಡೊ', ಅಂದರೆ ಟೊಳ್ಳು ಲೋಕ. ಹುಡುಗರಿಗೆ ಇದೇ ಪ್ರಾಣ. ನನಗೆ ಅಷ್ಟು ರುಚಿಸಲಿಲ್ಲ. ದರ್ಜೆ ಏರಿದಷ್ಟೂ ದೆವ್ವದ ದುಃಖ ಕಡಿಮೆಯಾಗುತ್ತದೆ, ಡೈಲಾಗು ಜಾಸ್ತಿಯಾಗುತ್ತದೆ. ಎಲ್ಲ ಚಿತ್ರರಂಗದಲ್ಲೂ ಇದೇ ಕಥೆ ಅನ್ನಿ!

ಅಣ್ಣ ದೆವ್ವವಾಗಿ ಬಂದ ರಾತ್ರಿ

ನನ್ನನ್ನು ಹಿಡಿದು ಕೂರಿಸಿದ್ದು ಶುರುವಿನಲ್ಲೇ ಬರುವ ಒಂದು ಚಿಕ್ಕ ಕಥೆ. ಒರಿಹಿಮೆ ಎಂಬ ಹುಡುಗಿ. ತಂದೆ ತಾಯಿ ಇದ್ದೂ ಇಲ್ಲದ ಹಾಗೆ, ಹೊಡೆಯುವ ಜನ. ಅಣ್ಣ ಸೋರ ಅವಳನ್ನು ಎತ್ತಿಕೊಂಡು ಮನೆ ಬಿಟ್ಟು ಬಂದು ತಾನೇ ಸಾಕುತ್ತಾನೆ. ಒಂದು ದಿನ ತಂಗಿಗೆ ತಲೆಗೂದಲಿನ ಪಿನ್ನು ತಂದುಕೊಡುತ್ತಾನೆ. "ಇದು ಚಿಕ್ಕ ಮಕ್ಕಳದು, ನನಗೆ ಬೇಡ" ಎಂದು ಅವಳು ಮುನಿಸಿಕೊಳ್ಳುತ್ತಾಳೆ. ಮಾರನೆಯ ದಿನ ಅಣ್ಣ ಕೆಲಸಕ್ಕೆ ಹೊರಟಾಗ ಮಾತಾಡಿಸುವುದಿಲ್ಲ. ಆ ದಿನವೇ ಅಪಘಾತ. ಅಣ್ಣ ಹೋದ.

ಅಂದಿನಿಂದ ಆ ಪಿನ್ನು ಅವಳ ತಲೆಯಿಂದ ಇಳಿದಿಲ್ಲ. ದಿನವೂ ಅಣ್ಣನ ಪಟದ ಮುಂದೆ ಪ್ರಾರ್ಥನೆ. ಹೀಗೇ ಅಳುತ್ತಿದ್ದರೆ ಅಣ್ಣನ ಜೀವಕ್ಕೆ ಸಮಾಧಾನ ಸಿಗುವುದಿಲ್ಲ, ನಾನು ಸುಖವಾಗಿದ್ದೇನೆ ಎಂದು ತೋರಿಸಬೇಕು ಅಂದುಕೊಂಡು ಬರಬರುತ್ತಾ ಪ್ರಾರ್ಥನೆ ಕಡಿಮೆ ಮಾಡುತ್ತಾಳೆ. ಅತ್ತ ಅಣ್ಣನಿಗೋ, ತಂಗಿ ನನ್ನನ್ನು ಮರೆತಳು ಎಂಬ ಸಂಕಟ! ಎದೆಯಲ್ಲಿ ತೂತು ಬಿತ್ತು. ಒಂದು ರಾತ್ರಿ ಹಾವಿನ ಮೈ, ಬಿಳೀ ಮುಖವಾಡ ಹೊತ್ತು ತಂಗಿಯ ಮೇಲೇ ಎರಗಿದ.

ಆಗ ಅವಳು ಓಡುವುದಿಲ್ಲ, ಆ ರಾಕ್ಷಸನನ್ನು ಅಪ್ಪಿಕೊಳ್ಳುತ್ತಾಳೆ! ಅವಳ ತಲೆಯ ಪಿನ್ನು ನೋಡಿ ಅಣ್ಣನಿಗೆ ನೆನಪು ಮರಳುತ್ತದೆ. ನಾಯಕ ಇಚಿಗೊ ಕತ್ತಿ ಹಿಡಿದು ನಿಂತಿದ್ದಾನೆ, ಆದರೆ ಹೊಡೆಯುವುದಿಲ್ಲ. ಅಣ್ಣನೇ ಆ ಕತ್ತಿಯನ್ನು ತನಗೆ ಚುಚ್ಚಿಕೊಂಡು ಹೊರಡುತ್ತಾನೆ. ತಂಗಿ ಅಂದು ಹೇಳದೆ ಉಳಿದಿದ್ದ ಮಾತನ್ನು ಈಗ ಹೇಳುತ್ತಾಳೆ: "ಇತ್ತೆರಶ್ಶಾಯ್."

ಆ ಮಾತಿನ ಅರ್ಥ ಕೇಳಿ ಪ್ರಿಯ ಓದುಗರೇ. ಜಪಾನಿನಲ್ಲಿ ಮನೆ ಬಿಟ್ಟು ಹೊರಡುವವರು 'ಇತ್ತೆಕಿಮಾಸು' ಅನ್ನುತ್ತಾರೆ. ಹೋಗಿ ಬರ್ತೀನಿ! ಮನೆಯಲ್ಲಿರುವವರು 'ಇತ್ತೆರಶ್ಶಾಯ್' ಅನ್ನುತ್ತಾರೆ. ಹೋಗಿ ಬಾ! ಅಕ್ಷರಕ್ಕೆ ಅಕ್ಷರ ನಮ್ಮದೇ ಮಾತು. 'ಹೋಗ್ತೀನಿ' ಅಂದರೆ ನಮ್ಮ ಅಮ್ಮಂದಿರು ಬೈಯುತ್ತಿರಲಿಲ್ಲವೇ? "ಬಿಡ್ತು ಅನ್ನು, ಹೋಗಿ ಬರ್ತೀನಿ ಅನ್ನು" ಎಂದು. ಸಾವಿನ ಮನೆಯಲ್ಲಿ ಮಾತ್ರ ಆ ಮಾತು ಆಡದೆ ಸುಮ್ಮನೆ ಎದ್ದು ಬರುತ್ತೇವೆ. ಸಾವಿರಾರು ಮೈಲಿ ಆಚೆ ಕೂತ ಚಿತ್ರಕಾರ ಒಂದು ದೆವ್ವದ ಕಥೆಯನ್ನು ಈ ಎರಡು ಪದದ ಮೇಲೆ ನಿಲ್ಲಿಸಿದ್ದಾನೆ. ಜಪಾನು ಗೊತ್ತಿಲ್ಲದ ಭದ್ರಾವತಿ ಹುಡುಗನ ಕಣ್ಣಲ್ಲಿ ನೀರು ಬಂದದ್ದು ಸುಮ್ಮನಲ್ಲ.

ನಮ್ಮ ಊರಿನಿಂದ ಹೋದ ಪ್ರೇತ

ಇನ್ನೊಂದು ಗುಟ್ಟು ಹೇಳುತ್ತೇನೆ. ಈ ದೆವ್ವದ ಬೇರು ಹುಡುಕುತ್ತಾ ಹೋದರೆ ಕೊನೆಗೆ ನಮ್ಮ ದೇಶಕ್ಕೇ ಬಂದು ಮುಟ್ಟುತ್ತೇವೆ! ಜಪಾನಿನ ಬೌದ್ಧರು 'ಗಾಕಿ' ಎಂದು ಕರೆಯುವುದು ಸಂಸ್ಕೃತದ ಪ್ರೇತವನ್ನೇ. ಡೊಳ್ಳು ಹೊಟ್ಟೆ, ಸೂಜಿಯ ಕಣ್ಣಿನಷ್ಟು ಗಂಟಲು, ಎಂದೂ ತೀರದ ಹಸಿವು. ಅವರ 'ಎಮ್ಮ' ಬೇರೆ ಯಾರೂ ಅಲ್ಲ, ನಮ್ಮ ಯಮ. ಬುದ್ಧನ ಧರ್ಮದ ಜೊತೆ ಚೀನಾ ದೇಶದ ಮೇಲೆ ಹಾದು ಹೋದ ನಮ್ಮ ಪ್ರೇತ, ಈಗ ಮೊಬೈಲಿನಲ್ಲಿ ಕೂತು ತವರಿಗೆ ವಾಪಸು ಬಂದಿದೆ.

ಜಪಾನಿನವರದೇ ಆದ ದೆವ್ವ 'ಯೂರೆ'. ಅದಕ್ಕೆ ಪಾದವೇ ಇಲ್ಲ. ನಮ್ಮ ಮೋಹಿನಿಗೆ ಪಾದ ಉಂಟು, ಆದರೆ ಹಿಂದುಮುಂದು. ಎರಡಕ್ಕೂ ಬಿಳೀ ಬಟ್ಟೆ, ಬಿಚ್ಚುಗೂದಲು. ಅನ್ಯಾಯವಾಗಿ ಸತ್ತು ಸಿಟ್ಟಿನಿಂದ ಬರುವವರು 'ಓನ್ರ್ಯೊ'. 1998ರ 'ರಿಂಗು' ಚಿತ್ರದಲ್ಲಿ ಟೀವಿಯಿಂದ ತೆವಳಿಕೊಂಡು ಹೊರಗೆ ಬಂದು ಲೋಕವನ್ನೆಲ್ಲ ನಡುಗಿಸಿದ ಸಡಾಕೊ ಆ ಪೈಕಿ. ಅದಕ್ಕೂ ಮೊದಲು 1964ರಲ್ಲಿ ಮಸಾಕಿ ಕೊಬಯಾಶಿ 'ಕ್ವೈದಾನ್' ಮಾಡಿದರು. ನಾಲ್ಕು ಪ್ರೇತಕಥೆಗಳ ಬಣ್ಣದ ಚಿತ್ರ, ಕಾನ್ ಉತ್ಸವದಲ್ಲಿ ಬಹುಮಾನ ಪಡೆಯಿತು. ಸಿಕ್ಕರೆ ಬಿಡಬೇಡಿ.

ಆದರೆ ದೆವ್ವವನ್ನು ಹೆದರಿಸಿ ಓಡಿಸುವುದೊಂದೇ ಅವರ ದಾರಿಯಲ್ಲ. ಬೇಸಿಗೆಯ ಕೊನೆಯಲ್ಲಿ ಅವರಿಗೆ 'ಓಬೊನ್' ಹಬ್ಬ. ಹಿರಿಯರನ್ನು ಮನೆಗೆ ಕರೆಯಲು ಬಾಗಿಲಲ್ಲಿ ಒಂದು ಬೆಂಕಿ, ಕಳಿಸಿಕೊಡಲು ಇನ್ನೊಂದು ಬೆಂಕಿ. ಕ್ಯೋಟೊ ನಗರದಲ್ಲಿ ಆಗಸ್ಟ್ 16ರ ರಾತ್ರಿ ಬೆಟ್ಟಗಳ ಮೇಲೆ ದೊಡ್ಡ ದೊಡ್ಡ ಅಕ್ಷರದ ಆಕಾರದಲ್ಲಿ ಬೆಂಕಿ ಹಚ್ಚುತ್ತಾರೆ. ಹಲವು ಊರುಗಳಲ್ಲಿ ನದಿಯಲ್ಲಿ ದೀಪ ತೇಲಿಬಿಡುತ್ತಾರೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಸೌತೆಕಾಯಿಗೆ ಕಡ್ಡಿಯ ಕಾಲು ಸಿಕ್ಕಿಸಿ ಕುದುರೆ, ಬದನೆಕಾಯಿಗೆ ಕಾಲು ಸಿಕ್ಕಿಸಿ ದನ ಮಾಡಿ ಇಡುತ್ತಾರಂತೆ. ಬರುವಾಗ ಕುದುರೆ ಏರಿ ಬೇಗ ಬನ್ನಿ, ಹೋಗುವಾಗ ದನದ ಮೇಲೆ ನಿಧಾನವಾಗಿ ಹೋಗಿ ಎಂದು!

ನಮ್ಮಲ್ಲೇನು ಕಡಿಮೆಯೇ? ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ, ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸುತ್ತೇವೆ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಎರಡೂ ಬಂದು ಸೇರುವ ಕೂಡ್ಲಿಯಲ್ಲಿ ಬೂದಿ ಬಿಡುತ್ತೇವೆ. ಎರಡು ಊರಿನ ಸತ್ತವರೂ ಕೊನೆಗೆ ಒಂದೇ ನೀರು.

ಅಷ್ಟೇ ಏಕೆ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಇಟ್ಟಿರುವ ವೀರಗಲ್ಲುಗಳನ್ನು ಕಾಮಿಕ್ಸ್ ಓದಿದ ಹಾಗೆ ಓದಬಹುದು! ಜಪಾನಿನ ಚಿತ್ರಕಥೆ ಬಲದಿಂದ ಎಡಕ್ಕೆ ಓದಬೇಕು, ನಮ್ಮ ವೀರಗಲ್ಲು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಚೌಕದಲ್ಲಿ ಫೈಟು: ಕತ್ತಿ, ಕುದುರೆ, ಬಿದ್ದ ಹೆಣ. ನಡುವಿನ ಚೌಕದಲ್ಲಿ ಅಪ್ಸರೆಯರು ಎರಡು ಕಡೆ ನಿಂತು ಸತ್ತ ವೀರನನ್ನು ಕರೆದುಕೊಂಡು ಹೋಗುತ್ತಿದ್ದಾರೆ. ಮೇಲಿನ ಚೌಕದಲ್ಲಿ ಶಿವಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ, ನೆತ್ತಿಯ ಮೇಲೆ ಸೂರ್ಯ ಚಂದ್ರ. ಊರಿಗಾಗಿ ಸತ್ತವನು ಅಲೆಯಬಾರದು, ಮೇಲಿನ ಚೌಕ ಮುಟ್ಟಬೇಕು ಎಂಬುದು ಊರಿನವರ ಕಾಳಜಿ. ಮೂರೇ ಫ್ರೇಮಿನಲ್ಲಿ ಪಿಕ್ಚರು ಮುಗಿಯಿತು. ಇಂಟರ್‌ವಲ್ ಕೂಡ ಇಲ್ಲ!

ಗಾಂಧಿನಗರದ ನಿಂಬೆಹಣ್ಣು

ಹಾಗಾದರೆ ನಮ್ಮ ಚಿತ್ರಗಳಲ್ಲಿ ಏನಾಯಿತು? 1979ರ 'ನಾ ನಿನ್ನ ಬಿಡಲಾರೆ' ತೆಗೆದುಕೊಳ್ಳಿ. ವಿಜಯ್ ನಿರ್ದೇಶನ, ಅನಂತನಾಗ್-ಲಕ್ಷ್ಮಿ ಜೋಡಿ, ರಾಜನ್-ನಾಗೇಂದ್ರ ಸಂಗೀತ. ಒಲಿದು ಸಿಗದೆ ಸತ್ತ ಹೆಣ್ಣಿನ ಆತ್ಮ ನಾಯಕನನ್ನು ಹಿಡಿದುಕೊಳ್ಳುವ ಕಥೆ. ಅನಂತನಾಗ್ ಮೈಮೇಲೆ ದೆವ್ವ ಬಂದು ಕೂತಾಗಿನ ಆ ಕಣ್ಣು, ಆ ನಗು! ಅದನ್ನು 1981ರಲ್ಲಿ 'ಮಂಗಲ್‌ಸೂತ್ರ' ಎಂದು ಹಿಂದಿಯವರು ಮಾಡಿದಾಗಲೂ ರೇಖಾ ಎದುರು ಅನಂತನಾಗೇ ಬೇಕಾದರು. ಹೆಸರು ನೋಡಿ, ನಾ ನಿನ್ನ ಬಿಡಲಾರೆ! ಟೊಳ್ಳು ದೆವ್ವದ ಎದೆಯ ಮಾತು ಇದೇ ತಾನೆ? ಕುಬೊಗಿಂತ ಇಪ್ಪತ್ತೆರಡು ವರ್ಷ ಮೊದಲೇ ನಮ್ಮವರು ಪೋಸ್ಟರಿನ ಮೇಲೆ ಬರೆದಿದ್ದರು.

ಆದರೆ ನಮ್ಮ ಎಷ್ಟೋ ದೆವ್ವದ ಚಿತ್ರಗಳಲ್ಲಿ ಕೊನೆಗೆ ಮಂತ್ರವಾದಿ, ನಿಂಬೆಹಣ್ಣು, ಬೂದಿ, ಚೀತ್ಕಾರ. ದೆವ್ವವನ್ನು ಓಡಿಸುತ್ತೇವೆ, ಕಳಿಸಿಕೊಡುವುದಿಲ್ಲ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನೂ ಸರ್ಕಾರಿ ಕಚೇರಿಯ ಅರ್ಜಿದಾರನ ಹಾಗೆ ಅಲೆದಾಡಿಸಿದ ಜನ ನಾವು! ಆ ನಮ್ಮ 'ನಾಳೆ ಬಾ' ಕಥೆಯಿಂದ ಹಿಂದಿಯವರು 2018ರಲ್ಲಿ 'ಸ್ತ್ರೀ' ಮಾಡಿ ಕೋಟಿ ಕೋಟಿ ಎಣಿಸಿದರು. ಶಿವಮೊಗ್ಗದ ಹೆಮ್ಮೆಯ ಸುದೀಪ್ ಕೂಡ ಈ ದಾರಿಯಲ್ಲಿ ನಡೆದವರೇ. 2008ರಲ್ಲಿ ರಾಮ್ ಗೋಪಾಲ್ ವರ್ಮಾರ 'ಫೂಂಕ್'ನಲ್ಲಿ ಮಾಟಕ್ಕೆ ಸಿಕ್ಕ ಮಗಳ ತಂದೆಯಾಗಿ ಹಿಂದಿಗೆ ಹೋದರು. 2022ರ ಜುಲೈ 28ರಂದು ಬಂದ 'ವಿಕ್ರಾಂತ್ ರೋಣ'ದಲ್ಲಿ ಊರಿಗೆ ಊರೇ ಬ್ರಹ್ಮರಾಕ್ಷಸನ ಭಯದಲ್ಲಿ ನಡುಗುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ ಶಿವಮೊಗ್ಗ ಜಿಲ್ಲೆ ಕೊಟ್ಟ ನಿಜವಾದ ಎರಡು ಪ್ರೇತಚಿತ್ರಗಳಲ್ಲಿ ದೆವ್ವವೇ ಇಲ್ಲ! ನಗಬೇಡಿ, ಕೇಳಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿ ಬರೆದ 'ಸಂಸ್ಕಾರ' 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಕೈಯಲ್ಲಿ ಚಿತ್ರವಾಯಿತು. ಶಿವಮೊಗ್ಗಕ್ಕೆ ಹೋಗಿ ಬಂದ ನಾರಣಪ್ಪ ಜ್ವರದಲ್ಲಿ ಸಾಯುತ್ತಾನೆ. ನಾರಣಪ್ಪನಾಗಿ ಲಂಕೇಶ್, ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್. ಹೆಣವನ್ನು ಸುಡುವವರು ಯಾರು ಎಂಬ ಜಗಳದಲ್ಲಿ ಇಡೀ ಅಗ್ರಹಾರ ಉಪವಾಸ ಕೂರುತ್ತದೆ. ಹೆಣ ಅಲ್ಲೇ ಕೊಳೆಯುತ್ತದೆ. ಕಳಿಸಿಕೊಡುವವರಿಲ್ಲದೆ ಉ಼ಳಿದುಹೋದ ಸತ್ತವನಿಗಿಂತ ಭಯಂಕರ ದೆವ್ವ ಬೇಕೆ? ಕೊನೆಗೆ ಆ ಕೆಲಸ ಮಾಡಿಸುವುದು ಅವನನ್ನು ಪ್ರೀತಿಸಿದ ಚಂದ್ರಿ, ರಾತ್ರೋರಾತ್ರಿ, ಒಬ್ಬ ಸಾಬರ ನೆರವಿನಿಂದ.

ಇನ್ನೊಂದು, ಅದೇ ತಾಲ್ಲೂಕಿನ ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977ರ 'ಘಟಶ್ರಾದ್ಧ'. ಇದೂ ಅನಂತಮೂರ್ತಿಯವರ ಕಥೆ. ಇಲ್ಲಿ ಉಲ್ಟಾ! ಬಸುರಾದ ವಿಧವೆ ಯಮುನಕ್ಕ ಬದುಕಿದ್ದಾಳೆ, ಆದರೆ ಗಡಿಗೆ ಒಡೆದು ಅವಳ ಶ್ರಾದ್ಧ ಮಾಡಿಬಿಡುತ್ತಾರೆ. ಉಸಿರಾಡುವ ಹೆಣ್ಣನ್ನು ಊರೇ ಸೇರಿ ಪ್ರೇತ ಮಾಡುವುದು! ಸ್ವರ್ಣಕಮಲ ಗೆದ್ದ ಆ ಕಪ್ಪುಬಿಳುಪು ಚಿತ್ರವನ್ನು ಹೊಸದಾಗಿ ಶುಚಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಾಡಿಲ್ಲ, ಫೈಟಿಲ್ಲ ಎಂದು ಮೂಗು ಮುರಿಯಬೇಡಿ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನನ್ನು ನೋಡಿದವನು ಮನೆಗೆ ಹೋಗಿ ನಿದ್ದೆ ಮಾಡಲಾರ.

ಪಕ್ಕದ ಸೀಟು

ಈಗ ನಮ್ಮ ಹುಡುಗನ ವಿಷಯ. ಅವನಿಗೊಬ್ಬ ಅಣ್ಣನಿದ್ದ. ಏಳು ವರ್ಷ ದೊಡ್ಡವನು, ಸಂಬಳ ಬಂದ ದಿನ ತಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಟಾಕೀಸಿಗೆ ಹೊರಡುವವನು. 2022ರ ಮಾರ್ಚ್ 17ರಂದು 'ಜೇಮ್ಸ್' ಬಂದಾಗ ಇಬ್ಬರೂ ಮೊದಲ ದಿನವೇ ನೋಡಿದರು. ಅಪ್ಪು ಹೋಗಿ ಆಗ ಐದು ತಿಂಗಳೂ ತುಂಬಿರಲಿಲ್ಲ. ಪರದೆ ಮೇಲೆ ಅಪ್ಪು ಮುಖ, ದನಿ ಶಿವಣ್ಣನದು. ಸತ್ತ ತಮ್ಮನ ಬಾಯಿಗೆ ಬದುಕಿರುವ ಅಣ್ಣ ಮಾತು ಕೊಟ್ಟದ್ದು ಜಗತ್ತಿನ ಯಾವ ದೆವ್ವದ ಕಥೆಯಲ್ಲಿದೆ, ಹೇಳಿ? ಸಿನಿಮಾ ಅನ್ನುವುದೇ ಹೀಗೆ. 2004ರ ಏಪ್ರಿಲ್‌ನಲ್ಲಿ ಸೌಂದರ್ಯ ಹೋದರು, ಆಗಸ್ಟ್‌ನಲ್ಲಿ 'ಆಪ್ತಮಿತ್ರ'ದ ನಾಗವಲ್ಲಿಯಾಗಿ ಬಂದು ಕುಣಿದರು. 2009ರ ಡಿಸೆಂಬರ್ 30ಕ್ಕೆ ವಿಷ್ಣುವರ್ಧನ್ ಹೋದರು, ಫೆಬ್ರವರಿಯಲ್ಲಿ 'ಆಪ್ತರಕ್ಷಕ'ದ ರಾಜನಾಗಿ ಗಹಗಹಿಸಿದರು. ನಾವು ಅತ್ತೆವು, ಸಿಳ್ಳೆಯನ್ನೂ ಹೊಡೆದೆವು. ಅಲ್ಲಿ ಯಾರೂ ನಿಂಬೆಹಣ್ಣು ಹಿಡಿದು ಬರಲಿಲ್ಲ.

ಅಂದು ಅಪ್ಪುಗಾಗಿ ಬಿಕ್ಕಿ ಬಿಕ್ಕಿ ಅತ್ತ ಆ ಅಣ್ಣ ಜೂನ್ ತಿಂಗಳಲ್ಲಿ ಹೋಗಿಬಿಟ್ಟ. ಬಿ.ಹೆಚ್. ರಸ್ತೆ, ಮಳೆ, ರಾತ್ರಿ, ದೀಪವಿಲ್ಲದೆ ನಿಂತಿದ್ದ ಲಾರಿ. ಇಪ್ಪತ್ಮೂರು ವರ್ಷ.

ಹದಿಮೂರನೆಯ ದಿನದ ಹೊತ್ತಿಗೆ ಬೀದಿಯ ಹಿರಿಯರು ಬುದ್ಧಿ ಹೇಳಿದರು. ವಯಸ್ಸಿನ ಹುಡುಗ, ಆಸೆ ತೀರದೆ ಹೋಗಿದ್ದಾನೆ, ಹುಷಾರು. ಪಟ ಮುಂದಿನ ಕೋಣೆಯಲ್ಲಿ ಬೇಡ. ಸಂಜೆ ಮೇಲೆ ಹೆಸರು ಹಿಡಿದು ಕರೀಬೇಡಿ. ಚಿಕ್ಕವನನ್ನು ಒಬ್ಬನೇ ಬಿಡಬೇಡಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಪಾಪ. ಆ ತಾಯಿ ಹಾಗೇ ನಡೆದುಕೊಂಡರು. ಪಟ ಟ್ರಂಕು ಸೇರಿತು. ಬಾಗಿಲಿಗೆ ನಿಂಬೆಹಣ್ಣು ಬಂತು. ಹೊಸಿಲು ದಾಟುವಾಗ ದಿನಕ್ಕೆ ಹತ್ತು ಸಲ ಕೇಳಿಬರುತ್ತಿದ್ದ ಹೆಸರು ಆ ಮನೆಯಲ್ಲಿ ನಿಂತೇಹೋಯಿತು.

ಹುಡುಗ ಬ್ಲೀಚ್ ನೋಡಲು ಹಿಡಿದದ್ದು ಆ ದಿನಗಳಲ್ಲಿ. ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು ಒರಿಹಿಮೆಯ ಕಂತು ಹಾಕಿ ತೋರಿಸಿದ. ಮುಗಿದ ಮೇಲೆ ಕೇಳಿದ:

"ಮಾಮ, ಹೆಸರು ಕರೆಯೋದು ನಿಲ್ಲಿಸಿದ್ರಿಂದಾನೇ ಅಲ್ವಾ ಅವಳ ಅಣ್ಣ ಹಾಲೋ ಆಗಿದ್ದು?"

ನಾನು ಸುಮ್ಮನಿದ್ದೆ.

"ಮತ್ತೆ ನಮ್ಮನೇಲಿ ಯಾಕೆ ನಿಲ್ಲಿಸಿದಾರೆ? ನಮ್ಮಣ್ಣನ ಕಂಡ್ರೆ ನಾನ್ಯಾಕೆ ಹೆದರಬೇಕು?"

'ವಿಕ್ರಾಂತ್ ರೋಣ' ಬಂದ ವಾರ ಅವನು ಶಿವಮೊಗ್ಗಕ್ಕೆ ಬಸ್ಸು ಹತ್ತಿ ಹೋಗಿ ಎರಡು ಟಿಕೆಟು ತೆಗೆಸಿದ. ಅಣ್ಣ ವರ್ಷದಿಂದ ಕಾದಿದ್ದ ಪಿಕ್ಚರು ಅದು. ಹೌಸ್‌ಫುಲ್ ಆಟ, ಪಕ್ಕದ ಸೀಟು ಖಾಲಿ. ಯಾರೋ ಬಂದು "ಇದು ಯಾರ್ದು ಗುರೂ?" ಅಂದರಂತೆ. "ನಮ್ಮಣ್ಣಂದು. ಬರ್ತಾನೆ" ಅಂದನಂತೆ. ಇಂಟರ್‌ವಲ್‌ನಲ್ಲಿ ಎರಡು ಸಮೋಸ ತಂದ. ಒಂದನ್ನು ತಿಂದ, ಇನ್ನೊಂದನ್ನು ಆ ಸೀಟಿನ ಮೇಲಿಟ್ಟ. ತ್ರೀಡಿ ಕನ್ನಡಕವನ್ನೂ ಇಟ್ಟಿದ್ದನಂತೆ. ಇದನ್ನು ನನಗೆ ಹೇಳುವಾಗ ಅವನು ನಗುತ್ತಿದ್ದ.

ಸೆಪ್ಟೆಂಬರ್ 25ರಂದು ಮಹಾಲಯ ಅಮಾವಾಸ್ಯೆ. ಅವರ ಮನೆಯಲ್ಲಿ ನನಗೂ ಊಟ. ಎಡೆಯಲ್ಲಿ ಅನ್ನ, ಪಾಯಸ, ವಡೆ, ಒಂದು ಪಕ್ಕಕ್ಕೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಹುಡುಗ ಜೇಬಿನಿಂದ ಅರ್ಧ ಹರಿದ ಟಿಕೆಟು ತೆಗೆದು ಎಲೆಯ ತುದಿಗೆ ಇಟ್ಟ. ತಾಯಿ ಅದನ್ನು ಬಹಳ ಹೊತ್ತು ನೋಡಿದರು. ಎದ್ದು ಒಳಗೆ ಹೋಗಿ, ಟ್ರಂಕು ತೆಗೆದ ಸದ್ದು ಕೇಳಿಸಿತು, ಪಟ ತಂದು ಗೋಡೆಗೆ ಒರಗಿಸಿ ಇಟ್ಟರು. ಆಮೇಲೆ ದೊಡ್ಡ ಮಗನ ಹೆಸರು ಹಿಡಿದು, ಬೀದಿಗೆ ಕೇಳುವ ಹಾಗೆ, "ಊಟಕ್ಕೆ ಬಾರೋ" ಎಂದು ಕರೆದರು. ಮೂರು ತಿಂಗಳ ಮೇಲೆ ಆ ಹೆಸರು ಕೇಳಿ ನನ್ನ ಮೈಯೇ ಜುಂ ಅಂದಿತು. ಬಾಗಿಲು ಮುಚ್ಚಿ ನಾವೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಂತೆವು. ಮತ್ತೆ ಬಾಗಿಲು ತೆಗೆದಾಗ ಅವರು ಪಟದ ಮುಂದೆ ಕರ್ಪೂರ ಹಚ್ಚಿ ಅಂದದ್ದು ಒಂದೇ ಮಾತು:

"ಹೋಗಿ ಬಾ ಮಗನೇ."

ಹುಡುಗ ನನ್ನ ಮುಖ ನೋಡಿದ. ಜಪಾನಿನ ಮಾತು ನೆನಪಾಯಿತಾ ಎಂದು ಕಣ್ಣಲ್ಲೇ ಕೇಳಿದ. ಪಟ ಈಗ ಮುಂದಿನ ಕೋಣೆಯಲ್ಲೇ ಇದೆ, ಗೋಡೆ ಗಡಿಯಾರದ ಪಕ್ಕ.

ಕನ್ನಡದಲ್ಲಿ ಯಾವಾಗ?

2018ರಲ್ಲಿ ಜಪಾನಿನವರು ಬ್ಲೀಚನ್ನು ನಟರನ್ನಿಟ್ಟು ಸಿನಿಮಾ ಮಾಡಿದರು. ಶಿನ್ಸುಕೆ ಸಾಟೊ ನಿರ್ದೇಶನ, ಇಚಿಗೊ ಪಾತ್ರದಲ್ಲಿ ಸೋಟಾ ಫುಕುಶಿ. ಇಚಿಗೊನ ತಾಯಿಯನ್ನು ಕೊಂದ ಟೊಳ್ಳಿನ ಜೊತೆ ಒಂದು ದೊಡ್ಡ ಹೊಡೆದಾಟವಿದೆ. ಟ್ರಿಕ್ ಕೆಲಸ ಅಚ್ಚುಕಟ್ಟು, ಬಸ್ಸು ಹಾರಿಬೀಳುವ ದೃಶ್ಯಕ್ಕೆ ಚಪ್ಪಾಳೆ ಗ್ಯಾರಂಟಿ. ಆದರೆ ಎರಡು ಗಂಟೆಯಲ್ಲಿ ಎಲ್ಲವನ್ನೂ ತುರುಕುವ ಅವಸರದಲ್ಲಿ ದೆವ್ವದ ಮನಸ್ಸು ನೋಡಲು ಅವರಿಗೆ ಪುರಸೊತ್ತಿಲ್ಲ.

ನಮ್ಮ ಹುಡುಗನ ಹತ್ತಿರ ಪುರಸೊತ್ತು ಬೇಕಾದಷ್ಟಿದೆ. ಇಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕನ್ನಡದ ಟೊಳ್ಳಿನ ಕಥೆ ಬರೆಯುತ್ತಿದ್ದಾನೆ. ಮೊದಲ ಶಾಟು ಬೆಳಗಿನ ಜಾವದ ಮಂಜಿನಲ್ಲಿ ಕೂಡ್ಲಿಯ ಸಂಗಮ. ನೀರಿನ ನಡುವೆ ಬೆನ್ನು ತೋರಿಸಿ ಒಬ್ಬ ನಿಂತಿದ್ದಾನೆ, ಅವನ ಬೆನ್ನಿನ ತೂತಿನಿಂದ ಆಚೆ ದಡ ಕಾಣುತ್ತದೆ. ಮುಖವಾಡ ಮರದ್ದಾಗಬೇಕಂತೆ, ಮೂಳೆಯದು ಬೇಡ. ನಾಯಕ ಕಿಚ್ಚನೇ ಆಗಬೇಕು, ಅದರಲ್ಲಿ ರಾಜಿಯಿಲ್ಲ. ತಾಯಿ ಪಾತ್ರಕ್ಕೆ ಇನ್ನೂ ಯಾರೂ ಹೊಂದುತ್ತಿಲ್ಲವಂತೆ. ಬಜೆಟ್ಟಿನ ಚಿಂತೆ ಅವನಿಗಿಲ್ಲ. ಅದು ನಿರ್ಮಾಪಕರ ತಲೆನೋವು!

"ಫೈಟು ಎಷ್ಟಿಟ್ಟಿದೀಯೋ?" ಅಂದೆ.

"ಮೂರು ಮಾಮ. ಮೂರನೇದು ರೈಲ್ವೆ ಸೇತುವೆ ಮೇಲೆ."

"ಕೊನೇ ಫೈಟಲ್ಲಿ ದೆವ್ವ ಸಾಯುತ್ತಾ?"

"ಅಯ್ಯೋ, ಅದು ಆಗ್ಲೇ ಸತ್ತೋಗಿದೆಯಲ್ಲ ಮಾಮ!"